ದಂಡಿಗೆ ಹತ್ತಿರಬೇಕು

ಗಜೇಂದ್ರಗಡದ ಕಡೆಯಿಂದ ಇಬ್ಬರು ಹೆಂಗಸರು ಬಂದು ಕಟ್ಟೆಯ ಮೇಲೆ ಕೂತಿದ್ದಾರೆಂದು ಅಂಗಡಿಯ ಹಮಾಲ ಬಸ್ಯಾ ಬಂದು ಹೇಳಿದಾಗ ಶ್ವೇತಾ ತಾಯಿಯ ಕಣ್ಣಿಗೆ ಔಷಧದ ಹನಿ ಬಿಡುತ್ತಿದ್ದಳು. ಅವಳು ಬಾಗಿಲ ಕಡೆ ತಿರುಗಿದಳು. ಹನಿ ಕಣ್ಣಿಗೆ ಬೀಳದೆ ಶೇಖವ್ವನ ಕೆನ್ನೆಯ ಮೇಲೆ ಬಿತ್ತು. ಅಲ್ಲೊಂದು ಸುಕ್ಕನ್ನು ಹಿಡಿದು ಸ್ವಲ್ಪ ದೂರ ಹರಿದು, ಸುಕ್ಕು ಮುಗಿದಲ್ಲಿ ಅನುಮಾನಿಸಿ ನಿಂತು, ಮತ್ತೆ ಕಿವಿಯ ಕಡೆಗೆ ಜಾರಿತು. ಶ್ವೇತಾ ಅದನ್ನು ಒರೆಸದೆ ನೋಡುತ್ತ ನಿಂತಿದ್ದಳು. ಹರಿಯುವುದೇನನ್ನು ಕಂಡರೂ ಅದು ಇನ್ನು ಎತ್ತ ತಿರುಗೀತು ಎಂದು ಕಾಯುವ ಈ ಚಟ ಕೆಲವು ವಾರಗಳಿಂದ ರೋಗದ ಹಾಗೆ ಹತ್ತಿಕೊಂಡಿತ್ತು. ಬಚ್ಚಲಿನ ಮೋರಿಯ ಸೋಪಿನ ನೊರೆ, ಚಹಾದ ಮೇಲಿನ ಕೆನೆ, ಸಂಜೆ ಗುಡ್ಡದ ಕಡೆಯಿಂದ ಬರುವ ಗಾಳಿಗೆ ಅಂಗಳದಲ್ಲಿ ತಿರುಗುವ ಹೆಸರಿನ ಹೊಟ್ಟು, ಯಾವುದೂ ಅವಳನ್ನು ಸುಮ್ಮನೆ ಬಿಡುತ್ತಿರಲಿಲ್ಲ.

"ಯಾರಂತ?" ಎಂದು ಶೇಖವ್ವ ಮುಚ್ಚಿದ ಕಣ್ಣಿನಲ್ಲೇ ಕೇಳಿದಳು.

"ಸಕ್ಕೂಬಾಯಿ ಅಂತ್ರಿ ಅವ್ವಾರ. ಮೊದಲ ಶಿರೋಳದಾಗ ನಿಮ್ಮ ಹೊಲಕ್ಕ ಆಳು ಬರ್ತಿದ್ಲಂತ್ರಿ. ಸೊಸಿನ್ನೂ ಕರ್ಕೊಂಡ ಬಂದಾಳ. ಅಕ್ಕಾರನ್ನ ನೋಡಬೇಕಂತ."

ಶ್ವೇತಾ ಔಷಧದ ಬಾಟಲಿಗೆ ಮುಚ್ಚಳ ತಿರುಗಿಸಿದಳು. ಅವರು ಬಂದೇ ಬರುತ್ತಾರೆಂದು ಅವಳಿಗೆ ಗೊತ್ತಿತ್ತು. ತಾಯಿಗೆ ಹುಬ್ಬಳ್ಳಿಯ ದವಾಖಾನೆಯಲ್ಲಿ ಕಣ್ಣಿನ ಪೊರೆ ತೆಗೆಸಿದರೆಂದು ರಜೆ ಹಾಕಿ ಬಂದ ಮೊದಲ ದಿನವೇ ತಂದೆ ಅಜ್ಜಪ್ಪ ಊಟದ ನಡುವೆ ಹೇಳಿದ್ದ. "ಆ ಸಕ್ಕೂಬಾಯಿ ಮಗ, ದುರಗೇಶ, ಬೋಟಿನ ಕೆಲಸಕ್ಕ ಹೋಗಿದ್ನಲ್ಲ, ಸಮುದ್ರದಾಗ ಹ್ವಾದನಂತ. ಹೆಣಾ ಸಿಕ್ಕಿಲ್ಲಂತ. ನಿಮ್ಮ ಮೀನಿನ ಆಫೀಸಿಗೆ ಏನರ ಗೊತ್ತಿರತೈತೇನ?" ಅವಳ ಕಚೇರಿ ಮೀನಿನದಲ್ಲ, ಕಡಲಿನ ಅಲೆ ಮತ್ತು ಪ್ರವಾಹಗಳನ್ನು ಮುಂಗಂಡು ಹೇಳುವಂಥದ್ದು ಎಂದು ಹತ್ತು ವರ್ಷಗಳಿಂದ ಹೇಳಿ ಅವಳು ಸೋತಿದ್ದಳು. ನರಗುಂದದ ಆ ಮನೆಯ ಪಡಸಾಲೆಯಲ್ಲೇ ಇದ್ದ ಕಾಳಿನ ಅಡತಿ ಅಂಗಡಿಗೆ ಬಂದವರೆದುರು ಅಜ್ಜಪ್ಪ ಮೀನಿನ ಹೆಸರೆತ್ತಲಾರದೆ "ಹವಾಮಾನದಾಗ ದೊಡ್ಡ ನೌಕರಿ" ಎನ್ನುತ್ತಿದ್ದ. ಅವರು ಕೂಡಲೇ "ಹಂಗಾರ ಹಿಂಗಾರಿ ಮಳಿ ಹ್ಯಾಂಗ್ರಿ ಅಕ್ಕಾರ?" ಎಂದು ಕೇಳುತ್ತಿದ್ದರು. ಗೊತ್ತಿಲ್ಲವೆಂದರೆ ತಂದೆಯ ಮುಖ ಸಣ್ಣದಾಗುತ್ತಿತ್ತು. ಅದಕ್ಕೆ ಅವಳು ಚಲೋ ಆಗತೈತ್ರಿ ಎಂದುಬಿಡುತ್ತಿದ್ದಳು. ಅಂದು ಊಟದ ನಡುವೆಯೂ "ನನಗ ಗೊತ್ತಿಲ್ಲಪ್ಪ" ಎಂದು ಅನ್ನ ಕಲಸಿದ್ದಳು. ಅದು ಸುಳ್ಳು. ದುರಗೇಶ ಎಂಬ ಹೆಸರು ಅವಳಿಗೆ ತಂದೆಗಿಂತ ಮೊದಲೇ ಗೊತ್ತಿತ್ತು.

ಆಗಸ್ಟಿನಲ್ಲಿ, ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಮತ್ತೆ ಕಡಲಿಗಿಳಿದ ವಾರ, ನದಿ ಕಡಲನ್ನು ಸೇರುವ ಅಳಿವೆಯ ಬಾಯಲ್ಲಿ ಒಂದು ಬೋಟು ಮಗುಚಿತ್ತು. ಇಳಿತದ ನೀರು ಮಳೆಯ ಹೊಳೆಯನ್ನೂ ಎಳೆದುಕೊಂಡು ಹೊರಗೆ ನುಗ್ಗುತ್ತಿತ್ತು. ಹೊರಗಿನಿಂದ ಉದ್ದುದ್ದ ಅಲೆಗಳು ಒಳಗೆ ಬರುತ್ತಿದ್ದವು. ಎದುರು ಸೆಳವಿಗೆ ಸಿಕ್ಕ ಅಲೆ ಗಿಡ್ಡವಾಗುತ್ತದೆ, ಎದ್ದು ನಿಲ್ಲುತ್ತದೆ, ಮೈ ಕಡಿದಾಗಿ ಅಲ್ಲೇ ಮುರಿದು ಬೀಳುತ್ತದೆ. ಇದನ್ನು ತಿಳಿಯಲು ಕಡಲಿಗೆ ಹೋಗಬೇಕಾಗಿಲ್ಲ. ನರಗುಂದದ ಕಾಲುವೆಯಲ್ಲಿ ನೀರು ಬಿಟ್ಟ ದಿನಗಳಲ್ಲಿ, ಗಾಳಿ ಹರಿವಿಗೆ ಎದುರಾಗಿ ಬೀಸಿದರೆ ನೀರಿನ ಮೈ ತುಂಬ ಮುಳ್ಳೇಳುತ್ತಿತ್ತು. ಹರಿವಿನ ಜೊತೆಗೇ ಬೀಸಿದರೆ ಇಸ್ತ್ರಿ ಹೊಡೆದ ಹಾಗೆ ಸಪಾಟಾಗುತ್ತಿತ್ತು. ಬೋಟಿನಲ್ಲಿದ್ದ ಉಳಿದವರನ್ನು ಹಿಂದಿನ ಬೋಟಿನವರು ಎಳೆದುಕೊಂಡರು. ಒಬ್ಬ ಮಾತ್ರ ಸಿಗಲಿಲ್ಲ. ಎಲ್ಲಿ ಹುಡುಕಬೇಕೆಂದು ಕರಾವಳಿ ಕಾವಲಿನವರು ಕಚೇರಿಗೆ ಫೋನು ಮಾಡಿದರು. ನೀರಿಗೆ ಬಿದ್ದವನನ್ನು ಕಡಲು ಎತ್ತ ಒಯ್ಯುತ್ತದೆಂದು ನಕ್ಷೆ ಬರೆದುಕೊಡುವ ಕೆಲಸ ಅಂದು ಶ್ವೇತಾಳ ಪಾಲಿಗೆ ಬಂತು. ಅವರು ಕಳಿಸಿದ ವಿವರದಲ್ಲಿ ಹೆಸರು ದುರಗೇಶ, ಊರು ಗಜೇಂದ್ರಗಡ ತಾಲೂಕು ಎಂದು ಓದಿದಾಗ, ನಮ್ಮ ಕಡೆಯವನು, ಎಂದು ಒಳಗೆ ಎಲ್ಲೋ ಒಂದು ಎಳೆಯಷ್ಟು ಹಿಗ್ಗು ಸುಳಿದಿತ್ತು. ಕಡಲಿಗೂ ತನಗೂ ಕೊನೆಗೊಂದು ನಂಟು ಸಿಕ್ಕಿತೆಂಬ ಹಾಗೆ. ಆ ಹಿಗ್ಗನ್ನು ನೆನೆದರೆ ಈಗಲೂ ಅವಳಿಗೆ ತನ್ನ ಕೈಗಳನ್ನು ನೋಡಿಕೊಳ್ಳಲಾಗುವುದಿಲ್ಲ.

ಹೊರಗೆ ಬಂದಳು. ಸಕ್ಕೂಬಾಯಿ ಎದ್ದು ನಿಂತಳು; ಸೊಸೆ ಮೊದಲೇ ನಿಂತಿದ್ದಳು. ಇಬ್ಬರಿಗೂ ಕಾಗದದ ಕಪ್ಪಿನಲ್ಲಿ ಚಹಾ ಬಂದಿತ್ತು. ಪಡಸಾಲೆಯಲ್ಲಿ ತಕ್ಕಡಿಯ ಹತ್ತಿರ ಕೂತ ಅಜ್ಜಪ್ಪನ ಕೈಯಲ್ಲಿ ಮಾತ್ರ ಸ್ಟೀಲಿನ ಲೋಟ. ಮೊದಲಿನ ಕಾಲದಲ್ಲಾಗಿದ್ದರೆ ಕಟ್ಟೆಯ ಗೂಡಿನಲ್ಲಿ ಬೇರೆ ಕಪ್ಪು ಇರುತ್ತಿತ್ತು; ಕಾಗದದ ಕಪ್ಪು ಬಂದ ಮೇಲೆ ಯಾರಿಗೂ ಯಾವ ಮುಜುಗರವೂ ಉಳಿದಿಲ್ಲ. ಒಳಗೆ ಬರ್ರಿ ಎನ್ನಬೇಕೆಂದು ಶ್ವೇತಾಳ ಬಾಯಿತನಕ ಬಂತು. ತಂದೆಯ ಕಡೆ ನೋಡಿದಳು. ಅವನು ಹೆಸರಿನ ಕಾಳನ್ನು ಅಂಗೈಯಲ್ಲಿ ತಿಕ್ಕಿ ಊದುತ್ತಿದ್ದ. ಅವಳು ತಾನೇ ಕಟ್ಟೆಯ ಮೇಲೆ, ಅವರಿಂದ ಒಂದು ಮೊಳ ದೂರದಲ್ಲಿ ಕೂತಳು. ಹೀಗೆ ಕೂತದ್ದನ್ನು ತಾನು ದೊಡ್ಡದೇನೋ ಮಾಡಿದೆನೆಂದು ತನ್ನ ಮನಸ್ಸು ಲೆಕ್ಕ ಹಿಡಿಯುತ್ತಿರುವುದನ್ನು ಕಂಡು ನಾಚಿದಳು.

"ಗುರ್ತು ಸಿಕ್ತೇನವಾ?" ಎಂದು ಸಕ್ಕೂಬಾಯಿ ಕೇಳಿದಳು. "ನೀ ಇಷ್ಟಿದ್ದಿ. ಕಳೇವಿಗೆ ನಿಮ್ಮವ್ವನ ಕೂಡ ಬರ್ತಿದ್ದಿ. ನನ್ನ ದುರಗ್ಯಾ, ನೀನು, ಬನ್ನಿ ಗಿಡದ ಬುಡಕ ಕೂಡೇ ಆಡತಿದ್ರಿ. ನಿನ್ನನ್ನ ಹೆಗಲ ಮ್ಯಾಲ ಹೊತ್ಕೊಂಡ ಬದುವಿನ ಮ್ಯಾಲ ಓಡತಿದ್ದ. ಒಮ್ಮೆ ಕೆಡವಿದ್ದ ನೋಡು, ನಾ ಅಂವಗ ಬಡದಿದ್ದೆ. ನೆನಪೈತಿಲ್ಲೊ?"

"ಐತಿ" ಎಂದಳು ಶ್ವೇತಾ.

ನೆನಪಿರಲಿಲ್ಲ. ಬನ್ನಿಯ ಗಿಡ ನೆನಪಿತ್ತು, ಅದರ ಬುಡದಲ್ಲಿ ಬಟ್ಟೆ ಸುತ್ತಿಟ್ಟ ರೊಟ್ಟಿಯ ಗಂಟು, ಕಪ್ಪು ಮಣ್ಣು ಮಳೆಗೆ ಕಾಲಿಗೆ ಕಚ್ಚಿಕೊಂಡು ಹೆಜ್ಜೆಗೊಂದು ಸೇರು ತೂಗುತ್ತಿದ್ದದ್ದು, ಯಾರದೋ ಹೆಗಲ ಬೆವರಿನ ವಾಸನೆ. ಆ ಹೆಗಲಿನ ಮೇಲೆ ಮುಖ ಬರುತ್ತಿರಲಿಲ್ಲ. ಎಷ್ಟು ಜಗ್ಗಿದರೂ ಅಲ್ಲಿ ಬಂದು ಕೂಡುತ್ತಿದ್ದದ್ದು ಅವಳ ಜೊತೆ ಸಾಲೆಯಲ್ಲಿ ಓದಿದ ಬೇರೆ ಯಾರದೋ ಮುಖ. ಅವಳ ಪಾಲಿಗೆ ದುರಗೇಶ ಮುಖವಿಲ್ಲದವನೇ ಆಗಿ ಶುರುವಾಗಿದ್ದ, ಪರದೆಯ ಮೇಲೆ ಒಂದು ಕೆಂಪು ಚುಕ್ಕೆಯಾಗಿ. ಒಂದಲ್ಲ, ಸಾವಿರಾರು. ಕಡಲಿನಲ್ಲಿ ಮನುಷ್ಯ ಹೀಗೇ ಹೋಗುತ್ತಾನೆಂದು ಹೇಳಲು ಬರುವುದಿಲ್ಲವಾದ್ದರಿಂದ ಒಬ್ಬನ ಬದಲು ಸಾವಿರಾರು ಜನರನ್ನು ಒಂದೇ ಜಾಗದಲ್ಲಿ ನೀರಿಗೆ ಬಿಡುತ್ತಾರೆ, ಗಾಳಿ ನೀರುಗಳನ್ನು ಒಬ್ಬೊಬ್ಬನಿಗೆ ಒಂದಿಷ್ಟು ಬೇರೆ ಮಾಡಿ. ಹೆಚ್ಚು ಜನ ಎಲ್ಲಿ ಹೋಗಿ ಸೇರುತ್ತಾರೋ ಅಲ್ಲಿ ನಿಜವಾದವನಿರಬೇಕು. ಅಂದು ಮಧ್ಯಾಹ್ನ ಶ್ವೇತಾಳ ದುರಗೇಶರೆಲ್ಲ ಅಳಿವೆಯ ಸೆಳವು ಹಿಡಿದು, ಜಾತ್ರೆ ಮುಗಿಸಿ ಹೊರಟವರ ಹಾಗೆ, ಪಡುವಣದ ಆಳ ಕಡಲಿಗೆ ಹೋದರು. ಹಡಗುಗಳು ಅಲ್ಲಿಗೆ ಹೋದವು. ಹೆಲಿಕಾಪ್ಟರೂ ಹೋಯಿತು. ಏನೂ ಸಿಗಲಿಲ್ಲ.

ಅವಳ ಕಚೇರಿಯಲ್ಲಿ ಅಲೆಗೆ ಒಂದು ಮಾಡೆಲ್ ಇತ್ತು, ಪ್ರವಾಹಕ್ಕೆ ಒಂದು. ಒಂದೇ ಮನೆಯಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ ಎರಡೂ ಒಂದೇ ಕಡಲನ್ನು ಬೇರೆ ಬೇರೆ ಲೆಕ್ಕ ಹಾಕುತ್ತಿದ್ದವು. ಅವನ್ನು ಮಾತಾಡಿಸುವುದು ಶ್ವೇತಾಳ ಹಲವು ವರ್ಷಗಳ ಕೆಲಸ. ಪ್ರವಾಹ ಅಲೆಯನ್ನು ಬಾಗಿಸಬೇಕು, ಮುರಿಯುವ ಅಲೆ ಪ್ರವಾಹವನ್ನು ದೂಡಬೇಕು, ಕ್ಷಣಕ್ಷಣಕ್ಕೂ ಒಂದರ ಸುದ್ದಿ ಇನ್ನೊಂದಕ್ಕೆ ಮುಟ್ಟಬೇಕು. ಜೂನಿನಲ್ಲಿ ಮೇಲಿನವರೆದುರು ಅದನ್ನು ನಡೆಸಿ ತೋರಿಸುವಾಗ, ಅಳಿವೆಯ ಬಾಯಲ್ಲೇ, ಲೆಕ್ಕ ಹುಚ್ಚೆದ್ದುಬಿಟ್ಟಿತು. ಅಲೆ ಪ್ರವಾಹವನ್ನು ತಳ್ಳಿತು, ಪ್ರವಾಹ ಅಲೆಯನ್ನು ಎಬ್ಬಿಸಿತು, ಎದ್ದ ಅಲೆ ಮತ್ತೆ ತಳ್ಳಿತು. ನೋಡನೋಡುತ್ತ ಪರದೆಯ ಮೇಲಿನ ಅಲೆ ಗುಡ್ಡದಷ್ಟಾಗಿ, ಆಮೇಲೆ ಅಂಕಿಗಳೇ ಇಲ್ಲದಾಗಿ, ನಕ್ಷೆ ಬೆಳ್ಳಗಾಯಿತು. ಅವಳ ಮೇಲಧಿಕಾರಿ ಗೌತಮ ಮೆಲ್ಲಗೆ, ನಗಿಸುವುದಕ್ಕೆಂದೇ, "ಶ್ವೇತಾ ಅವರ ಅಲೆ ನರಗುಂದದ ಕೋಟೆಯನ್ನೂ ತೋಯಿಸಿಬಿಡುತ್ತೆ" ಎಂದಿದ್ದ. ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು, ಎಲ್ಲರಿಗಿಂತ ಸ್ವಲ್ಪ ಹೆಚ್ಚು ಹೊತ್ತು. ಆಗಸ್ಟಿನಲ್ಲಿ ಕಾವಲಿನವರ ಫೋನು ಬಂದಾಗ ಹಳೆಯದು, ತಾನು ಕೂಡಿಸಿದ್ದು, ಎರಡನ್ನೂ ನಡೆಸಬಹುದಾಗಿತ್ತು. ಹಳೆಯದರ ಉತ್ತರ ಕೊಟ್ಟು, ಕೂಡಿಸಿದ್ದರ ಉತ್ತರವನ್ನು ಸಂಜೆಯೊಳಗೆ ಕಳಿಸಬಹುದಾಗಿತ್ತು. ಗೌತಮ ಬೆನ್ನ ಹಿಂದೆ ನಿಂತಿದ್ದ. ಆ ನಗು ನೆನಪಾಯಿತು. ಹಳೆಯದನ್ನಷ್ಟೇ ನಡೆಸಿದಳು. ಆಮೇಲೆ, ಹುಡುಕಾಟವನ್ನು ಕೈಬಿಟ್ಟ ಮೇಲೆ, ತನ್ನ ಕೋಣೆಯಲ್ಲಿ ಕೂತು ಲೆಕ್ಕ ಒಮ್ಮೆಗೆ ಇಡುವ ಕಾಲದ ಹೆಜ್ಜೆಯನ್ನು ಸಣ್ಣದು ಮಾಡಿ ಕೂಡಿಸಿದ್ದನ್ನು ನಡೆಸಿದಳು. ಲೆಕ್ಕ ಹುಚ್ಚೇಳಲಿಲ್ಲ. ಅಳಿವೆಯ ಬಾಯಲ್ಲಿ ಮುರಿದ ಅಲೆಗಳು ಸೆಳವನ್ನು ತಡೆದು ಬದಿಗೆ ಮಡಚಿದವು, ಮತ್ತು ಅವಳ ದುರಗೇಶರು ಒಬ್ಬರ ಹಿಂದೊಬ್ಬರು ತಿರುಗಿ ಬಂದು, ದಡದ ಗುಂಟ ಬಡಗಲಿಗೆ ಹರಿದು, ಸಂಕದಬೇಲೆಯೆಂಬ ಸಣ್ಣ ಕೊಲ್ಲಿಯ ಮರಳಿಗೆ ಹತ್ತಿದರು. ಅಲ್ಲಿಗೆ ಯಾರೂ ಹುಡುಕಲು ಹೋಗಿರಲಿಲ್ಲ. ಹೇಳಿದಾಗ ಗೌತಮ ಕನ್ನಡಕ ತೆಗೆದು ಒರೆಸಿಕೊಂಡ. "ಈಗ ಹೇಳಿ ಏನು ಪ್ರಯೋಜನ? ತಾಳೆ ನೋಡೋದಕ್ಕೆ ಏನಿದೆ ನಿಮ್ಮ ಹತ್ತಿರ? ಬಾಡಿ ಸಿಕ್ಕಿದ್ದರೆ ಒಂದು ಮಾತು."

ಬಾಡಿ ಸಿಕ್ಕಿದ್ದರೆ. ಅಂದಿನಿಂದ ಅವಳು ಪ್ರತಿ ಬೆಳಿಗ್ಗೆ ಕರಾವಳಿಯ ಪೇಪರನ್ನು ಮೊಬೈಲಿನಲ್ಲಿ ತೆರೆದು ಸಂಕದಬೇಲೆಯ ಹೆಸರು ಹುಡುಕುತ್ತಿದ್ದಳು. ಹುಡುಕುವಾಗ ಎದೆ ಹೊಡೆದುಕೊಳ್ಳುತ್ತಿತ್ತು. ಅವನಿಗಾಗಿ, ಅವನ ಮನೆಯವರಿಗಾಗಿ ಎಂದು ಕೆಲವು ದಿನ ನಂಬಿದ್ದಳು. ಹಲ್ಲುಜ್ಜುತ್ತಿದ್ದ ಒಂದು ಬೆಳಿಗ್ಗೆ ಮಾತ್ರ ಅವಳಿಗೆ ಸ್ಪಷ್ಟವಾಗಿ ಕಂಡಿತು: ಹೆಣ ಅಲ್ಲೇ, ತನ್ನ ಚುಕ್ಕೆಗಳು ದಟ್ಟವಾದಲ್ಲೇ ಸಿಗಬೇಕು, ಸಿಕ್ಕರೆ ಗೌತಮನ ಮೇಜಿನ ಮೇಲೆ ಆ ಪೇಪರನ್ನು ಮಾತಿಲ್ಲದೆ ಇಡಬೇಕು. ಬೇರೆಲ್ಲೋ ಸಿಗುವುದಾದರೆ ಸಿಗದಿರುವುದೇ ಮೇಲು. ಬಾಯಲ್ಲಿ ಪೇಸ್ಟಿನ ನೊರೆ ತುಂಬಿ, ಉಗುಳಲೂ ಆಗದೆ ನಿಂತಿದ್ದಳು.

"ಕೇಳಿಸ್ತೇನವಾ?" ಸಕ್ಕೂಬಾಯಿ ಮುಂದೆ ಬಾಗಿದ್ದಳು. "ಅಲ್ಲಿ ಬೋಟ ನಿಲ್ಲೂ ದಕ್ಕಿ ಮ್ಯಾಲ ಒಬ್ಬರು ಹೇಳಿದ್ರು. ಕಡಲಾಗ ಬಿದ್ದದ್ದು ಎಲ್ಲಿ ಹೊಕ್ಕೈತಿ ಅನ್ನೂದು ನಿನ್ನ ಮಸೀನು ತೋರಿಸತೈತಂತ. ಅದನ್ನ ಮಾಡಾಕಿ ನಮ್ಮ ನರಗುಂದದ ಸಾವಕಾರ ಮಗಳು ಅಂತ ಗೊತ್ತಾದ ಮ್ಯಾಲ ನಾ ಒಂದ ತುತ್ತು ಉಂಡೆ ನೋಡು. ನಮ್ಮಾಕೀನ ಅದಾಳ, ಸುಳ್ಳ ಹೇಳೂದಿಲ್ಲ ಅಂದೆ. ಹೇಳವಾ. ನನ್ನ ಮಗ ಎಲ್ಲಿ ಅದಾನ?"

ಅಜ್ಜಪ್ಪ ಕಾಳು ಊದುವುದನ್ನು ನಿಲ್ಲಿಸಿದ್ದ. ಬಸ್ಯಾ ಚೀಲ ಇಳಿಸಿ ಸೊಂಟ ಹಿಡಿದು ನಿಂತಿದ್ದ. ಹೊಲದಿಂದ ಮಾಲು ತಂದ ಒಂದಿಬ್ಬರು ರೈತರೂ ಇತ್ತ ತಿರುಗಿದ್ದರು. ಅವಳ ಕೆಲಸದ ಬಗ್ಗೆ ಈ ಮನೆಯಲ್ಲಿ ಇಷ್ಟು ಜನ ಒಟ್ಟಿಗೆ ಕಿವಿಗೊಟ್ಟದ್ದು ಇದೇ ಮೊದಲು. ತಂದೆಯ ಕಣ್ಣಿನಲ್ಲಿ ಒಂದು ಕಾಯುವಿಕೆ ಇತ್ತು, ಚಿಕ್ಕಂದಿನಲ್ಲಿ ಬಂದ ಬೀಗರೆದುರು ಮಗ್ಗಿ ಹೇಳಿಸುವಾಗ ಇರುತ್ತಿದ್ದಂಥದ್ದು. ಗೊತ್ತಿಲ್ಲ ಎಂದುಬಿಡಬಹುದು. ಅದು ಅರ್ಧ ನಿಜವೂ ಹೌದು. ಆದರೆ ಗೊತ್ತಿಲ್ಲವೆಂದರೆ ಅಷ್ಟು ವರ್ಷ ಏನು ಮಾಡಿದಿ ಎಂಬ ಪ್ರಶ್ನೆ ಯಾರೂ ಕೇಳದೆಯೇ ಆ ಪಡಸಾಲೆಯಲ್ಲಿ ಕೂತುಬಿಡುತ್ತದೆ. ಅವಳಿಗೆ ತನ್ನ ದನಿ ಕೇಳಿಸಿತು. ಅದು ಕಚೇರಿಯ ದನಿ, ನಿಧಾನದ್ದು, ಭರವಸೆಯದ್ದು.

"ಮೊದಲ ಆಳಕ್ಕ ಹೋಗ್ಯಾನ ಅಂತ ಬಂದಿತ್ತು, ಸಕ್ಕೂಬಾಯಿ. ಅದು ಸರಿ ಇರಲಿಲ್ಲ. ಆಮ್ಯಾಲ ನಾ ಮತ್ತ ಮಾಡಿ ನೋಡೇನಿ. ಅಳಿವಿಯಿಂದ ಬಡಗಲಕ್ಕ ಸಂಕದಬೇಲೆ ಅಂತ ಒಂದು ಸಣ್ಣ ಊರೈತಿ. ಆ ಊರಿನ ಹತ್ತರ ದಂಡಿಗೆ ಹತ್ತಿರಬೇಕು."

ಮಾತು ಬಾಯಿಂದ ಹೊರಬಿದ್ದ ಮೇಲೆ ಅದು ಏನಾಯಿತೆಂದು ಅವಳಿಗೆ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ಸಕ್ಕೂಬಾಯಿಯ ಮುಖ ಮೊದಲು ಏನೂ ಆಗದ ಹಾಗೆ ಇತ್ತು. ಆಮೇಲೆ ಕಣ್ಣು ದೊಡ್ಡವಾದವು. ಅವಳು ಕಪ್ಪನ್ನು ಕೆಳಗಿಟ್ಟು ಎರಡೂ ಕೈ ಎತ್ತಿ ಗುಡ್ಡದ ಗುಡಿಯ ಕಡೆ ಮುಗಿದಳು.

"ದಂಡಿಗೆ ಹತ್ಯಾನ" ಎಂದಳು ಸೊಸೆಗೆ. "ಕೇಳಿದೇನು ನೇತ್ರಾ? ಅಂವಗ ಈಜು ಬರ್ತಿತ್ತು ಅಂತ ನಾ ಹೇಳಿದ್ದಿಲ್ಲೇನು? ದೊಡ್ಡ ಬಾವಿ ಹಾರಿದಂವ ಅಂವ. ದಂಡಿಗೆ ಹತ್ಯಾನ. ಯಾರರ ಮನ್ಯಾಗ ಬಿದ್ದಿರತಾನ, ತಲಿಗೆ ಪೆಟ್ಟಾಗಿ ಊರ ಹೆಸರ ಮರತಿರಬೇಕು. ಹಂಗ ಆಗೂದಿಲ್ಲೇನ್ರಿ ಸಾವಕಾರ್ರ?"

"ಆಗತೈತಿ, ಆಗತೈತಿ" ಎಂದ ಅಜ್ಜಪ್ಪ. ರೈತರಲ್ಲೊಬ್ಬ ಟೋಪಿ ತೆಗೆದು "ದೇವರದಾನ" ಎಂದ. ಶ್ವೇತಾಳ ಕಡೆ ಅಜ್ಜಪ್ಪ ನೋಡಿದ ನೋಟದಲ್ಲಿ, ಅವಳಿಗೆ ಪದವಿ ಬಂದಾಗಲೂ ನೌಕರಿ ಸಿಕ್ಕಾಗಲೂ ಕಾಣದ ಒಂದು ಬೆಳಕಿತ್ತು. ಒಳಗಿನಿಂದ ಶೇಖವ್ವ "ಏನಂದ್ಲು, ನಮ್ಮ ಶ್ವೇತಾ ಏನಂದ್ಲು?" ಎಂದು ಕೇಳುತ್ತಿದ್ದಳು, ಬಸ್ಯಾ ಬಾಗಿಲಲ್ಲಿ ಬಗ್ಗಿ "ದುರಗ್ಯಾ ಉಳದಾನಂತ್ರೀ ಅವ್ವಾರ" ಎಂದು ಕೂಗಿ ಹೇಳಿದ.

ಹಾಗಲ್ಲ, ಎನ್ನಬೇಕಿತ್ತು ಆಗಲೇ. ನಾನು ಹೇಳಿದ್ದು ಹೆಣ, ಎನ್ನಬೇಕಿತ್ತು. ಹೇಳಲು ಬಾಯಿ ತೆರೆದದ್ದೂ ನಿಜ. ಸಕ್ಕೂಬಾಯಿ ಬಂದು ಅವಳ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಒರಟು ಬೆರಳುಗಳು, ಬಸ್ಸಿನ ಕಂಬಿಯ ಕಬ್ಬಿಣದ ವಾಸನೆ. ಶ್ವೇತಾ ಬಾಯಿ ಮುಚ್ಚಿಕೊಂಡಳು.

ಸೊಸೆ ನೇತ್ರಾ ಮಾತ್ರ ಇದ್ದಲ್ಲೇ ನಿಂತಿದ್ದಳು. ಚಿಕ್ಕ ವಯಸ್ಸು, ಬಿಸಿಲಿಗೆ ಒಣಗಿದ ತುಟಿ, ಒಂದು ಕೈಯಲ್ಲಿ ಹಸಿರು ಬಳೆಗಳಿದ್ದವು, ಇನ್ನೊಂದು ಬರಿದು. ನೀರು ಕುಡಿಯುವ ನೆಪ ಮಾಡಿ ಹಿತ್ತಲ ನಲ್ಲಿಯ ಹತ್ತಿರ ಬಂದಳು. ಶ್ವೇತಾ ಹಿಂದೆ ಹೋದಳು, ಕರೆಸಿಕೊಂಡವಳ ಹಾಗೆ.

"ಅಕ್ಕಾರ, ಒಂದ ಕೇಳ್ತೇನ್ರಿ" ಎಂದಳು ನೇತ್ರಾ, ನಲ್ಲಿಯ ಕಡೆ ನೋಡುತ್ತ. "ನಿಮ್ಮ ಮಸೀನಿನ್ಯಾಗ ಜೀವಂತ ಇದ್ದಂವ, ಸತ್ತಂವ ಅಂತ ಬ್ಯಾರೆ ಬ್ಯಾರೆ ಬರತೈತೇನ್ರಿ?"

ಬರುತ್ತದೆ. ನೀರಿಗೆ ಬಿದ್ದದ್ದು ಏನು ಎಂದು ಮೊದಲೇ ಆರಿಸಬೇಕು. ಖಾಲಿ ದೋಣಿ, ಮರದ ದಿಮ್ಮಿ, ಜಾಕೀಟು ಹಾಕಿಕೊಂಡವನು, ಹಾಕಿಕೊಳ್ಳದವನು, ಸತ್ತವನು. ಒಂದೊಂದನ್ನು ಗಾಳಿ ಒಂದೊಂದು ಬಗೆಯಲ್ಲಿ ದೂಡುತ್ತದೆ. ಮೊದಲ ದಿನ ಅವಳು ಜೀವಂತವನೆಂದು ಆರಿಸಿದ್ದಳು. ಎರಡನೆಯ ಸಲ ಕೂಡಿಸಿದ ಮಾಡೆಲ್ಲನ್ನು ನಡೆಸುವಾಗ ಸತ್ತವನೆಂದು ಬದಲಿಸಿದ್ದಳು. ಆ ಸಣ್ಣ ಗುಂಡಿ ಒತ್ತುವಾಗ ಮನಸ್ಸು ಒಂದಿಷ್ಟೂ ಅಳುಕಿರಲಿಲ್ಲ, ಪಕ್ಕದಲ್ಲಿ ಚಹಾ ಇತ್ತು. ಅವನ ಮನೆಯವರು ಇನ್ನೂ ದೀಪ ಹಚ್ಚಿಟ್ಟು ಕಾಯುತ್ತಿದ್ದಾಗ, ಎಲ್ಲರಿಗಿಂತ ಮೊದಲು, ಅವಳು ಅವನನ್ನು ಸಾಯಿಸಿಯಾಗಿತ್ತು.

"ಗೊತ್ತಾಗಂಗಿಲ್ಲವಾ" ಎಂದಳು.

ನೇತ್ರಾ ನಲ್ಲಿ ತಿರುಗಿಸಿ ಮುಖಕ್ಕೆ ನೀರು ಚಿಮುಕಿಸಿಕೊಂಡಳು. "ನನಗ ಗೊತ್ತಾತ್ರಿ. ನೀವು ದಂಡಿಗೆ ಹತ್ತಿರಬೇಕು ಅಂದಾಗ ನಿಮ್ಮ ಮಾರಿ ನೋಡಿದೆ. ಕಟಗಿ ದಂಡಿಗೆ ಹತ್ತೂದಿಲ್ಲೇನ್ರಿ, ಹಂಗ ಅಂದ್ರಿ ನೀವು. ಅತ್ತೀಗೆ ತಿಳೀಲಿಲ್ಲ. ಊರಾಗ ಬಳಿ ಒಡಿ ಅಂತಾರ ನನಗ, ಈಕಿ ಒಡೀಗೊಡೂದಿಲ್ಲ. ಅರ್ಧಾ ಒಡದಿದ್ದೆ, ಕೈ ಹಿಡದ್ಲು. ನಾ ಏನ ಆಗಲಿ ಅಂತ ಗೊತ್ತಾಗದಂಗ ಆಗೇತ್ರಿ. ಇವತ್ತ ನೀವು ಏನರ ಒಂದ ಹೇಳ್ತೀರಿ, ಮುಗೀತೈತಿ ಅಂತ ಬಂದೆ." ಸೆರಗಿನಿಂದ ಮುಖ ಒರೆಸಿಕೊಂಡಳು. "ನಾ ಹೇಳಿದ್ರ ಆಕಿ ನಂಬಂಗಿಲ್ಲ. ಗಂಡಗ ಸಾವು ಬಯಸ್ತಿ ಅಂತಾಳ. ನೀವ ಹೇಳ್ರಿ ಅಕ್ಕಾರ. ಬಸ್ ಹತ್ತೂಕಿಂತ ಮೊದಲ ಹೇಳ್ರಿ."

"ಹೇಳ್ತೇನಿ" ಎಂದಳು ಶ್ವೇತಾ.

ಅಜ್ಜಪ್ಪ ಬಸ್ಸಿನ ದುಡ್ಡನ್ನೂ ಶ್ವೇತಾಳ ಫೋನು ನಂಬರಿನ ಚೀಟಿಯನ್ನೂ ಕೊಟ್ಟ, ದಾರಿಗೆಂದು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಸಿದ. ಸಕ್ಕೂಬಾಯಿ ಊರಿಗೂ ಹೋಗುವುದಿಲ್ಲ, ನೆಟ್ಟಗೆ ಹುಬ್ಬಳ್ಳಿಗೆ ಹೋಗಿ ಅಲ್ಲಿಂದ ಕರಾವಳಿಯ ಬಸ್ಸು ಹಿಡಿಯುತ್ತೇನೆ ಎಂದು ಹಟ ಹಿಡಿದಳು. ಶ್ವೇತಾ ಅವರ ಜೊತೆ ಬಸ್ ಸ್ಟ್ಯಾಂಡಿನವರೆಗೆ ನಡೆದಳು. ಪೇಟೆಯ ತುಂಬ ಹೆಸರಿನ ಧೂಳು, ಟ್ರ್ಯಾಕ್ಟರುಗಳು, ಮೆಕ್ಕೆಜೋಳದ ರಾಶಿಯ ಮೇಲೆ ತಾಡಪತ್ರಿ ಹೊದಿಸುವವರ ಕೂಗು. ಬಿಸಿಲಿತ್ತು, ಆದರೆ ಮೂಡಲಿಗೆ ಮೋಡ ಕಟ್ಟಿತ್ತು. ಸಕ್ಕೂಬಾಯಿ ಮುಂದೆ ಮುಂದೆ ನಡೆಯುತ್ತಿದ್ದಳು. ಸಂಕದಬೇಲೆ, ಸಂಕದಬೇಲೆ ಎಂದು ಮರೆಯದ ಹಾಗೆ ಬಾಯಲ್ಲಿ ಉರುಳಿಸುತ್ತ, ಎದುರು ಸಿಕ್ಕ ಗುರುತಿಲ್ಲದವರಿಗೂ ಮಗ ಸಿಕ್ಕನೆಂದು ಹೇಳುತ್ತ. ಮೂಲೆಯ ಹೋಟೆಲು ದಾಟಿದ ಮೇಲೆ ಹೇಳುತ್ತೇನೆ, ಎಂದುಕೊಂಡಳು ಶ್ವೇತಾ. ದಾಟಿದರು. ಔಷಧದ ಅಂಗಡಿ ದಾಟಿದ ಮೇಲೆ. ಅಲ್ಲಿ ಯಾರೋ ಪರಿಚಯದವರು ಸಿಕ್ಕು "ಅವ್ವನ ಕಣ್ಣು ಹ್ಯಾಂಗೈತ್ರಿ?" ಎಂದರು. ಚಲೋ ಐತ್ರಿ ಎಂದಳು. ಕೂಡಿಸಿದ ಮಾಡೆಲ್ಲಾದರೂ ಸರಿಯೆಂದು ಯಾರು ಹೇಳಿದರು? ತಾಳೆ ನೋಡಲು ಏನಿದೆ? ಅದು ತಪ್ಪಾಗಿದ್ದರೆ, ಅವನು ನಿಜವಾಗಿ ಈಜಿ ಎಲ್ಲೋ ಹತ್ತಿದ್ದರೆ, ಈಗ ಸತ್ತನೆಂದು ಹೇಳುವುದು ಯಾವ ನ್ಯಾಯ? ಹೀಗೆ ಯೋಚಿಸುತ್ತಿರುವುದು ತನ್ನೊಳಗಿನ ಹೇಡಿಯೇ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಆ ಯೋಚನೆ ಆಸರೆ ಕೊಡುತ್ತಿತ್ತು.

ಬಸ್ಸು ಬಂದು ನಿಂತೇ ಇತ್ತು. ಸಕ್ಕೂಬಾಯಿ ಜನರನ್ನು ನೂಕಿ ಹತ್ತಿ, ಕಿಟಕಿಯಲ್ಲಿ ಮುಖ ಹಾಕಿ, "ನಿನ್ನ ಹೊಟ್ಟಿ ತಣ್ಣಗಿರಲಿ ಯವ್ವಾ" ಎಂದಳು.

"ಸಕ್ಕೂಬಾಯಿ" ಎಂದಳು ಶ್ವೇತಾ. ಕಿಟಕಿಯ ಸರಳು ಹಿಡಿದಳು. ನೇತ್ರಾ ಇನ್ನೂ ಕೆಳಗೆ ಅವಳ ಪಕ್ಕದಲ್ಲೇ ನಿಂತಿದ್ದಳು.

"ಹಾಂ, ಹೇಳವಾ."

"ಅಲ್ಲಿ ಕಡಲು ಜೋರಿರತೈತಿ. ನೀರಿಗೆ ಇಳೀಬ್ಯಾಡ್ರಿ."

ನೇತ್ರಾ ಅವಳನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಶ್ವೇತಾಗೆ ಎಷ್ಟೋ ಹಗುರಾಗುತ್ತಿತ್ತು. ಸಂತೆಯಲ್ಲಿ ಕೊಂಡದ್ದು ಮನೆಗೆ ಒಯ್ದು ನೋಡಿದಾಗ ಹುಳುಕೆಂದು ಕಂಡವರ ಮುಖದಲ್ಲಿರುವಂಥ ದಣಿವು ಅದು. "ಬರ್ತೇನ್ರಿ" ಎಂದು ಅವಳೂ ಹತ್ತಿದಳು. ಬಸ್ಸು ಹೊಗೆ ಬಿಟ್ಟು ಹೊರಟಿತು. ಶ್ವೇತಾ ಕಬ್ಬಿನ ಹಾಲಿನ ಗಾಡಿಯ ಪಕ್ಕ ಸುಮಾರು ಹೊತ್ತು ನಿಂತಿದ್ದಳು. ಮನೆಗೆ ಹೋದಾಗ ತಂದೆ ಅವಳಿಗೆಂದು ಪೇಡೆ ತರಿಸಿಟ್ಟಿದ್ದ. ಅಂಗಡಿಗೆ ಬಂದವರಿಗೆಲ್ಲ, ಆ ದಿನ ಮೊದಲ ಸಲ, ನನ್ನ ಮಗಳು ಸಮುದ್ರದ ಆಫೀಸಿನ್ಯಾಗ ಅದಾಳ ಎಂದು ಹೇಳುತ್ತಿದ್ದ. ಅವಳು ಒಂದು ಪೇಡೆ ತಿಂದಳು. ಇನ್ನೊಂದು ತಿನ್ನು ಎಂದ. ತಿಂದಳು.

ಮರುದಿನ ಮಧ್ಯಾಹ್ನ ಫೋನು ಬಂತು. ಮಾಳಿಗೆಯ ಮೇಲೆ ಒಣಗಲು ಹಾಕಿದ್ದ ಬಟ್ಟೆ ತೆಗೆಯುತ್ತಿದ್ದಳು. ಮೊದಲು ಬರೀ ಗಾಳಿ, ಆಮೇಲೆ ಸಕ್ಕೂಬಾಯಿಯ ದನಿ, ದೂರದವರನ್ನು ಕರೆಯುವ ಹಾಗೆ ಜೋರಾಗಿ.

"ಯವ್ವಾ, ನಾವು ಇಲ್ಲೇ ಅದೇವಿ. ನೀ ಹೇಳಿದ ಊರಾಗ. ಎಲ್ಲಾ ಮನಿ ಕೇಳಿ ಬಂದ್ವಿ. ಯಾರೂ ನೋಡಿಲ್ಲಂತ. ಉಸುಕಿನ ಮ್ಯಾಲ ಈ ತುದಿಯಿಂದ ಆ ತುದಿತನಕ ಅಡ್ಡಾಡಿದೆ. ಏನೂ ಇಲ್ಲವಾ. ಈಗ ಎತ್ತ ಹೋಗ್ಲಿ?"

ಈಗ, ಎಂದುಕೊಂಡಳು ಶ್ವೇತಾ. ಈಗ ಹೇಳಿದರೆ ಮುಗಿಯುತ್ತದೆ. ಊರಿಗೆ ಹೋಗ್ರಿ, ಅಂವ ಇಲ್ಲ. ಬಟ್ಟೆಗಳನ್ನು ಹೆಗಲ ಮೇಲೆ ಹಾಕಿಕೊಂಡು ಕೋಣೆಗೆ ಇಳಿದು ಬಂದಳು, ಲ್ಯಾಪ್‌ಟಾಪು ತೆರೆದಳು. ಯಾಕೆ ತೆರೆದಳೋ ಅವಳಿಗೇ ತಿಳಿಯಲಿಲ್ಲ. ಕೆಂಪು ಚುಕ್ಕೆಗಳು ಕೊಲ್ಲಿಯಲ್ಲಿ ಜೇನಿನ ಹಾಗೆ ಮುತ್ತಿಕೊಂಡಿದ್ದವು. ಕೆಲವು ಮಾತ್ರ, ತೀರ ಕೆಲವು, ಕಡಲಿಗೆ ಚಾಚಿದ ಕಲ್ಲಿನ ಮೂತಿಯನ್ನು ಸುತ್ತಿ ಇನ್ನೂ ಬಡಗಲಿಗೆ ಹೋಗಿದ್ದವು. ಅಷ್ಟು ಕಡಿಮೆಯಿದ್ದವನ್ನು ವರದಿಯಲ್ಲಿ ಬರೆಯುವ ಪದ್ಧತಿಯೂ ಇಲ್ಲ.

"ಸಕ್ಕೂಬಾಯಿ, ನೀವು ಈಗ ಕಡಲಿನ ಕಡೆ ಮಾರಿ ಮಾಡಿ ನಿಂತೀರೇನು?"

"ಹೂಂನವಾ."

"ತೆರಿ ನೆಟ್ಟಗ ನಿಮ್ಮ ಕಡೆ ಬರಾಕತ್ತಾವೋ, ಓರಿ ಬರಾಕತ್ತಾವೋ?"

ಮುದುಕಿ ನೋಡುತ್ತಿದ್ದಳು. "ಓರಿನ ಬರಾಕತ್ತಾವ" ಎಂದಳು. "ಎಡಗೈ ಕಡೆಯಿಂದ ಬಂದು ಬಲಗಡೆ ಜಾರಿ ಹೊಂಟಾವ. ಇಲ್ಲೊಂದು ತೆಂಗಿನ ಗರಿ ಬಿದ್ದಿತ್ತು, ಅದನೂ ಬಲಕ್ಕ ಎಳಕೊಂಡ ಹೊಂಟಾವ ನೋಡು. ಯಾಕವಾ?"

ಶ್ವೇತಾಳ ಮೈಯಲ್ಲಿ ಬೆಚ್ಚಗಿನದೊಂದು ಹರಿಯಿತು. ಎಡದಿಂದ ಬಲಕ್ಕೆ, ತೆಂಕಲಿಂದ ಬಡಗಲಿಗೆ, ಪರದೆಯ ಮೇಲಿನ ಬಾಣಗಳು ತೋರಿಸುತ್ತಿದ್ದ ಹಾಗೆಯೇ. ಎಷ್ಟೋ ವಾರಗಳಲ್ಲಿ ಅವಳಿಗೆ ಸಂತೋಷವಾದದ್ದು ಅದೊಂದೇ ಕ್ಷಣ, ಮತ್ತು ಅದು ಸಂತೋಷವೇ ಆಗಿತ್ತು. ಬೇರೆ ಹೆಸರು ಕೊಡಲು ಅವಳು ಹುಡುಕಿದಳು, ಸಿಗಲಿಲ್ಲ.

"ಇನ್ನೂ ಸ್ವಲ್ಪ ಬಡಗಲಕ್ಕ ಹೋಗಿ ನೋಡ್ರಿ" ಎಂದಳು. "ಆ ಕಲ್ಲಿನ ಮೂತಿ ದಾಟಿ."

"ಆತು ಯವ್ವಾ. ನೀ ಹೇಳಿದಂಗ."

ಸಕ್ಕೂಬಾಯಿಗೆ ಫೋನು ಕತ್ತರಿಸಲು ಬರುತ್ತಿರಲಿಲ್ಲ. ಅದನ್ನು ಸೆರಗಿನಲ್ಲೋ ಕೈಯಲ್ಲೋ ಹಿಡಿದುಕೊಂಡೇ ಅವಳು ಹೊರಟಳು. ಹಿಂದಿನಿಂದ ನೇತ್ರಾಳ ದನಿ ಕೇಳಿಸಿತು, "ಅತ್ತೀ, ಸಾಕ್ರಿ. ನಡೀರಿ ಊರಿಗೆ ಹೋಗೂಣು." "ಸುಮ್ಮನ ಬಾ, ಅಲ್ಲಿ ಅದಾನಂತ" ಎಂದ ಮುದುಕಿಯ ಉಸಿರು. ಆಮೇಲೆ ಒದ್ದೆ ಉಸುಕಿನ ಮೇಲೆ ಕಾಲೆಳೆಯುವ ಸಪ್ಪಳ, ಅದರ ಮೇಲೆ ಅಲೆಗಳು. ಒಂದು ಮುರಿದು ಬಿತ್ತು, ಸರಿಯಿತು. ಕರೆ ಮುಗಿಸಲು ಶ್ವೇತಾ ಬೆರಳೆತ್ತಿದಳು, ಇಳಿಸಿದಳು. ಫೋನಿನ ದನಿ ಹೆಚ್ಚಿಸಿ ಕಿವಿಗೆ ಒತ್ತಿಕೊಂಡಳು. ಇನ್ನೊಂದು ಬಿತ್ತು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಎಷ್ಟು ಹೊತ್ತಾಗುತ್ತದೆಂದು, ಪರದೆಯ ಮೂಲೆಯ ಗಡಿಯಾರವನ್ನು ನೋಡುತ್ತ, ಅವಳು ಅಳೆಯತೊಡಗಿದ್ದಳು.